ಹೊಟ್ಟೆ ಸರಿಯಿದೆ ಎಂಬ ಚೀಟಿ

ನಾನು ಕೆಲಸ ಮಾಡುವುದು ಜಪಾನಿನ ಕಾವಾಸಾಕಿಯ ಒಂದು ಹ್ಯಾಮ್ ಕಾರ್ಖಾನೆಯಲ್ಲಿ, ಕ್ವಾಲಿಟಿ ವಿಭಾಗದಲ್ಲಿ. ಮೈಸೂರಿನಲ್ಲಿರುವ ಅಮ್ಮ ಅಕ್ಕಪಕ್ಕದವರಿಗೆ ಇದನ್ನು 'ಫುಡ್ ಕಂಪನಿ' ಎಂದಷ್ಟೇ ಹೇಳುತ್ತಾಳೆ. ಯಾವ ಫುಡ್ಡು ಎಂದು ಯಾರಾದರೂ ಕೇಳಿದರೆ ಮಾತನ್ನು ಮೊಮ್ಮಗಳ ಕಡೆಗೆ ತಿರುಗಿಸುತ್ತಾಳೆ. ಹಂದಿಮಾಂಸವನ್ನು ನಾನು ಈವರೆಗೂ ಬಾಯಿಗಿಟ್ಟಿಲ್ಲ. ಆದರೆ ಅದು ಎಷ್ಟು ಡಿಗ್ರಿಯಲ್ಲಿ ಕೆಡುತ್ತದೆ, ಎಂಥ ಕೈ ತಾಗಿದರೆ ಕೆಡುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಕಾರ್ಖಾನೆಯ ಒಳಗೆ ಹೇಗೆ ಹೋಗಬೇಕೆಂದು ಕಲಿಸಿದವರು ಹಾಂಚೋ-ಸಾನ್. ಹಾಂಚೋ ಎಂದರೆ ತಂಡದ ಮುಖ್ಯಸ್ಥೆ, ಸಾನ್ ಎಂಬುದು ಮರ್ಯಾದೆಗೆ. ಹ್ಯಾಮ್ ಕತ್ತರಿಸಿ ಪ್ಯಾಕ್ ಮಾಡುವ ಹೆಂಗಸರಿಗೆಲ್ಲ ಅವರೇ ಹಿರಿಯರು. ವಯಸ್ಸು ಅರವತ್ತು ದಾಟಿತ್ತು. ಕೆಲಸ ಗಂಟೆ ಲೆಕ್ಕದ್ದು. ಅಷ್ಟು ವರ್ಷದ ದುಡಿಮೆಗೆ ಸಿಕ್ಕ ಬಡ್ತಿಯೆಂದರೆ ಬಿಳಿ ಟೋಪಿಯ ಮೇಲೆ ಒಂದು ಹಸಿರು ಪಟ್ಟಿ. ಮೊದಲ ದಿನ ನನ್ನ ಕರಿಮಣಿ ತೆಗೆಸಿದರು. ನನ್ನ ಮುಖ ನೋಡಿ ಏನನ್ನಿಸಿತೋ, ಅದನ್ನು ಟಿಶ್ಯೂನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು, ತಾವೇ ನನ್ನ ಲಾಕರಿನಲ್ಲಿಟ್ಟರು. ಒಳಗೆ ಹೋಗುವ ಮುಂಚೆ ಅಂಟು ರೋಲರ್ ಉಜ್ಜಿ ಬಟ್ಟೆಯ ಮೇಲಿನ ಕೂದಲು ತೆಗೆಯಬೇಕು. ಬೆನ್ನು ನಮ್ಮ ಕೈಗೆ ಎಟುಕುವುದಿಲ್ಲವಲ್ಲ, ಒಬ್ಬರ ಬೆನ್ನನ್ನು ಇನ್ನೊಬ್ಬರು ಉಜ್ಜುತ್ತಾರೆ. ನನ್ನ ಬೆನ್ನು ಅವರ ಪಾಲಿಗೆ ಬಂತು. ಪರದೇಶದಲ್ಲಿ ದಿನಕ್ಕೊಮ್ಮೆ ಯಾರಾದರೂ ಬೆನ್ನು ಸವರಿದರೆ ಎಷ್ಟು ಹಿತವಾಗಿರುತ್ತದೆ ಎಂದು ನನಗೆ ಗೊತ್ತಾಗಿದ್ದೇ ಆಗ.

ಪ್ರತಿದಿನ ಬೆಳಿಗ್ಗೆ ಎಲ್ಲರೂ ಒಂದು ಚೀಟಿ ತುಂಬಬೇಕು. ಜ್ವರ ಇದೆಯೇ, ವಾಂತಿಭೇದಿ ಇದೆಯೇ, ಬೆರಳಿಗೆ ಗಾಯವಾಗಿದೆಯೇ, ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟಿದೆಯೇ. ಅದಕ್ಕೆ ಸೀಲು ಒತ್ತುವುದು ನನ್ನ ಕೆಲಸ. ಹಳೆಯ ಫೈಲು ತಿರುವಿ ನೋಡಿದರೆ ಎಲ್ಲದರಲ್ಲೂ 'ಇಲ್ಲ'. ಒಂದಿಡೀ ಬೇಸಿಗೆ, ಒಂದಿಡೀ ಚಳಿಗಾಲ ಒಬ್ಬರ ಹೊಟ್ಟೆಯೂ ಕೆಟ್ಟಿರಲಿಲ್ಲ.

"ಇವ್ರೇನು ಮನುಷ್ಯರಾ, ದೇವತೆಗಳಾ?" ಎಂದು ಮನೆಗೆ ಬಂದು ನಕ್ಕೆ.

ಸಾಫ್ಟ್‌ವೇರಿನಲ್ಲಿರುವ ಗಂಡ ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, "ಡೇಟಾ ಇಷ್ಟು ಕ್ಲೀನ್ ಆಗಿದೆ ಅಂದ್ರೆ ಯಾರೋ ಸುಳ್ಳು ಹೇಳ್ತಿದಾರೆ ಅಂತ ಅರ್ಥ ಕಣೇ," ಎಂದ.

ಆ ವರ್ಷ ನಮ್ಮ ದೊಡ್ಡ ಗಿರಾಕಿಯೊಬ್ಬರು ಶುಚಿತ್ವದ ಪದ್ಧತಿಗಳನ್ನೆಲ್ಲ ಬಿಗಿ ಮಾಡಿ ಎಂದು ಪಟ್ಟುಹಿಡಿದಿದ್ದರು. ಮ್ಯಾನೇಜರ್ ಚೀಟಿಯ ವಿಷಯವನ್ನು ನನಗೊಪ್ಪಿಸಿದರು. ಬೆಳಗಿನ ಸಭೆಯಲ್ಲಿ ನಿಂತು, ನನಗೆ ಬರುವ ಜಪಾನಿಯಲ್ಲಿ, ದಯವಿಟ್ಟು ನಿಜ ಬರೆಯಿರಿ, ಯಾರೂ ಏನೂ ಅನ್ನುವುದಿಲ್ಲ ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಬೇಕಿತ್ತು. ಎದುರಿನ ಮುಖಗಳಲ್ಲಿ ಅಳುಕು ಕಂಡು, "ಏನೇ ಆಗಲಿ, ನಾನಿದ್ದೀನಲ್ಲ," ಎಂದುಬಿಟ್ಟೆ.

ನಮ್ಮ ಕಡೆ ಇದು ಎಷ್ಟು ಅಗ್ಗದ ಮಾತು! ಆಪರೇಷನ್ನಿಗೆ ಹೋಗುವ ಚಿಕ್ಕಮ್ಮನಿಗೆ, ಪರೀಕ್ಷೆಯಲ್ಲಿ ಫೇಲಾದ ತಂಗಿಗೆ, ಯಾರಿಗೆ ಬೇಕಾದರೂ ಹೇಳುತ್ತೇವೆ. ಇದ್ದು ಏನು ಮಾಡುತ್ತೀಯ ಎಂದು ಯಾರೂ ತಿರುಗಿ ಕೇಳುವುದಿಲ್ಲ. ಇಲ್ಲಿ ಹಾಗಲ್ಲ. ಕಂಪನಿಯ ಬಟ್ಟೆ ತೊಟ್ಟು ಸಭೆಯಲ್ಲಿ ನಿಂತು ಆಡಿದ್ದು ಕಂಪನಿಯ ಮಾತು. ಹಾಂಚೋ-ಸಾನ್ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಅದನ್ನು ಬರೆದುಕೊಂಡರು. ನಾನು ದಡ್ಡಿ, ಹೆಮ್ಮೆಪಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಜ್ಜಿ ಹೇಳುತ್ತಿದ್ದುದು ಆಗ ನೆನಪಾಗಲಿಲ್ಲ.

ಎರಡು ವಾರವಾಗಿರಬೇಕು. ಹಾಂಚೋ-ಸಾನ್ ತಮ್ಮ ಚೀಟಿಯನ್ನು ಡಬ್ಬಿಗೆ ಹಾಕದೆ ನನ್ನ ಮೇಜಿನ ಬಳಿಗೇ ತಂದರು. ಕೊನೆಯ ಪ್ರಶ್ನೆಯ ಮುಂದೆ 'ಹೌದು' ಎಂದಿತ್ತು. ಮೊಮ್ಮಗನಿಗೆ ಹಿಂದಿನ ದಿನದಿಂದ ವಾಂತಿಯಂತೆ.

"ರೈಲಿನಲ್ಲಿ ಬರುವಾಗಲೆಲ್ಲ ಯೋಚಿಸಿದೆ," ಎಂದರು. "ಬರೆಯುವುದೇ ಸರಿ ಅನ್ನಿಸಿತು. ಹೇಗೂ ನೀವಿದ್ದೀರಲ್ಲ."

ನಿಯಮದ ಪ್ರಕಾರ ಅವರನ್ನು ಮನೆಗೆ ಕಳಿಸಿ ಪರೀಕ್ಷೆ ಮಾಡಿಸಿದೆವು. ಅವರಿಗೆ ಯಾವ ಲಕ್ಷಣವೂ ಕಾಣಿಸಿಕೊಂಡಿರಲಿಲ್ಲ, ಆದರೂ ಹೊಟ್ಟೆಯಲ್ಲಿ ವಾಂತಿಭೇದಿ ಹರಡುವ ನೊರೊ ವೈರಸ್ ಇತ್ತು. ಹಿಂದಿನ ದಿನ ಅವರ ಸಾಲಿನಲ್ಲಿ ಪ್ಯಾಕಾದ ಹ್ಯಾಮ್ ಇನ್ನೂ ಗೋದಾಮಿನಲ್ಲೇ ಇತ್ತು. ಅದಷ್ಟಕ್ಕೂ ಕೆಂಪು ಚೀಟಿ ಅಂಟಿಸಿ ಎಸೆಯಲು ಕಳಿಸಿದವಳು ನಾನೇ. ಅವರು ಬರೆಯದೇ ಇದ್ದಿದ್ದರೆ ಅದು ಯಾವುದೋ ಮಗುವಿನ ಊಟದ ಡಬ್ಬಿ ಸೇರುತ್ತಿತ್ತು. ನಾನು ಓದಿದ ಪುಸ್ತಕಗಳ ಪ್ರಕಾರ ಇದು ಗೆಲುವು. ಮೊದಲ ಬಾರಿಗೆ ಚೀಟಿ ತನ್ನ ಕೆಲಸ ಮಾಡಿತ್ತು.

ರೋಗಾಣು ಪೂರ್ತಿ ಹೋದ ಮೇಲೆ ಹಾಂಚೋ-ಸಾನ್ ಕೆಲಸಕ್ಕೆ ಮರಳಿದರು. ಬೆಳಗಿನ ಸಭೆಯಲ್ಲಿ ಎಲ್ಲರ ಮುಂದೆ ಬಂದು ನಿಂತು, ಸೊಂಟ ಬಗ್ಗಿಸಿ, ನನ್ನಿಂದ ಎಲ್ಲರಿಗೂ ತೊಂದರೆಯಾಯಿತು ಎಂದು ಕ್ಷಮೆ ಕೇಳಿದರು. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಟೋಪಿಯ ಮೇಲೆ ಹಸಿರು ಪಟ್ಟಿ ಇರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಸಭೆ ಮುಗಿದದ್ದೇ ಮ್ಯಾನೇಜರ್ ಬಳಿಗೆ ಓಡಿದೆ.

"ಶಿಕ್ಷೆ ಯಾರೂ ಕೊಟ್ಟಿಲ್ಲ," ಎಂದರು ಮ್ಯಾನೇಜರ್. "ಕ್ಷಮೆ ಕೇಳುತ್ತೇನೆ ಎಂದವರು ಅವರೇ. ಪಟ್ಟಿಯನ್ನೂ ಅವರೇ ಬಿಚ್ಚಿಕೊಟ್ಟರು."

"ಅವರದೇನು ತಪ್ಪು?"

"ತಪ್ಪಿಲ್ಲ. ತೊಂದರೆ ಆಯಿತಲ್ಲ."

"ನೀವು ಬೇಡ ಎನ್ನಬಹುದಿತ್ತು."

ಅವರು ಹಲ್ಲುಗಳ ನಡುವೆ ಉಸಿರೆಳೆದುಕೊಂಡು ಗೋಡೆಯ ಕ್ಯಾಲೆಂಡರ್ ನೋಡಿದರು. ಕೆಟ್ಟ ಮನುಷ್ಯನಲ್ಲ. ಯಾರಾದರೂ ಕೆಟ್ಟವರಿದ್ದಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ. ಸಭೆಯಲ್ಲಿ ನಾನು ಕೊಟ್ಟ ಮಾತನ್ನು ನೆನಪಿಸಿದೆ. "ಹೌದು, ಒಳ್ಳೆಯ ಮಾತು," ಎಂದರು. ಅದನ್ನು ಉಳಿಸಿಕೊಳ್ಳುವ ಅಧಿಕಾರ ನನಗೆ ಯಾವತ್ತೂ ಇರಲಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಮಾರ್ಚ್ ಕೊನೆಗೆ ಹಾಂಚೋ-ಸಾನ್ ತಮ್ಮ ಕೆಲಸದ ಕರಾರನ್ನು ಮುಂದುವರಿಸುವುದಿಲ್ಲ ಎಂದು ಬರೆದುಕೊಟ್ಟರು. ಕೊನೆಯ ದಿನ ಲಾಕರ್ ಕೋಣೆಯಲ್ಲಿ ನನ್ನ ಬೆನ್ನು ಉಜ್ಜಿದರು. "ನಿಮ್ಮನ್ನು ಕಷ್ಟಕ್ಕೆ ಸಿಕ್ಕಿಸಿದೆ. ಸುಮಿಮಾಸೆನ್," ಎಂದರು. ಅವರು ನನ್ನ ಕ್ಷಮೆ ಕೇಳುವುದು!

ಜೂನ್‌ನಲ್ಲಿ ಒಂದು ಬೆಳಿಗ್ಗೆ, ಗ್ಯೋಟೋಕುವಿನ ನಮ್ಮ ಮನೆಯಲ್ಲಿ, ಮಗಳು "ಮಮ್ಮಿ, ಕಿಮೋಚಿ ವರುಯಿ," ಹೊಟ್ಟೆ ತೊಳಸುತ್ತಿದೆ, ಎನ್ನುತ್ತ ಬಂದವಳು ನೆಲದ ಮೇಲೆಲ್ಲ ವಾಂತಿ ಮಾಡಿಕೊಂಡಳು.

"ಚೀಟೀಲಿ ಬರೀಬೇಡ ಕಣೇ," ಎಂದ ಗಂಡ, ನೆಲ ಒರೆಸುತ್ತಾ. "ಆ ಅಜ್ಜಿಗೆ ಆಗಿದ್ದು ನೋಡಿದ್ಯಲ್ಲ."

"ಅದಕ್ಕೇ ಬರೀತೀನಿ ರೀ."

ಬರೆದೆ. ನನಗೂ ಅದೇ ಆಗಲಿ ಎಂಬ ಹಟ ಒಳಗೆಲ್ಲೋ ಇತ್ತು. ನಾನೂ ಎಲ್ಲರ ಮುಂದೆ ಬಗ್ಗಬೇಕು, ಆಗಲಾದರೂ ಸ್ವಲ್ಪ ಸರಿಹೋದೀತು ಎಂದುಕೊಂಡಿದ್ದೆ. ಮ್ಯಾನೇಜರ್ ಚೀಟಿ ನೋಡಿ, ಮಗುವನ್ನು ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳಿ ಸಂಬಳದ ರಜೆ ಕೊಟ್ಟು ಕಳಿಸಿದರು. ನಾನು ಆಫೀಸಿನವಳು, ಕಾಯಂ ನೌಕರಿಯವಳು. ಪರೀಕ್ಷೆಯಲ್ಲೂ ಏನೂ ಬರಲಿಲ್ಲ.

ವಾಪಸ್ ಬಂದ ದಿನ ಸಭೆಯಲ್ಲಿ ನನ್ನನ್ನು ಮುಂದೆ ಕರೆದರು. ಪ್ರಾಮಾಣಿಕವಾಗಿ ಬರೆದದ್ದಕ್ಕೆ ಒಳ್ಳೆಯ ಉದಾಹರಣೆ ಎಂದು ನನ್ನ ಚೀಟಿಯನ್ನು ಗಟ್ಟಿಯಾಗಿ ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನಿಂತಿದ್ದು ಹಾಂಚೋ-ಸಾನ್ ಬಗ್ಗಿ ನಿಂತಿದ್ದ ಜಾಗದಲ್ಲೇ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಮೇಲೆ ಮೇಜಿಗೆ ಬಂದು ಅಂದಿನ ಚೀಟಿಗಳನ್ನು ತೆಗೆದೆ. ಎಲ್ಲದರಲ್ಲೂ 'ಇಲ್ಲ'. ಅವುಗಳಲ್ಲಿ ಒಂದು, ಸ್ವಲ್ಪ ಮುಂಚೆ ಟಾಯ್ಲೆಟ್ಟಿನಿಂದ ಹೊಟ್ಟೆ ಹಿಡಿದುಕೊಂಡು ಹೊರಬಂದ ಪ್ಯಾಕಿಂಗ್ ಹೆಂಗಸಿನದು. ಎದ್ದು ಹೋಗಿ ಕಾರಿಡಾರಿನಲ್ಲಿ ಅವಳನ್ನು ತಡೆದು ನಿಲ್ಲಿಸಿದೆ.

"ಹೊಟ್ಟೆ ಸರಿಯಿದೆಯಾ?"

"ಸರಿಯಿದೆ."

"ನಿಜವಾಗಿಯೂ?"

ಅವಳು ನನ್ನ ಮುಖವನ್ನೇ ನೋಡಿದಳು. ಈಗ ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದಳು. ಹೇಳಬೇಕಾದ ಮಾತು ಒಂದೇ ಇತ್ತು, ಅಂದು ಸಭೆಯಲ್ಲಿ ಆಡಿದ್ದು. ಅದು ಬಾಯಿಗೆ ಬರಲಿಲ್ಲ. ಅವಳು ತಲೆಬಾಗಿಸಿ ಒಳಗೆ ಹೋದಳು. ನಾನು ಮೇಜಿಗೆ ಮರಳಿ ಅವಳ ಚೀಟಿಗೆ ಸೀಲು ಒತ್ತಿದೆ.