ಅಕ್ಕೋಳದಲ್ಲೇ ನಿಂತ ಬ್ಲಾಗು

ನನ್ನ ತಂಗಿ ಜೈನ ದೀಕ್ಷೆ ತೆಗೆದುಕೊಂಡು ಮಾತಾಜಿಯಾಗಿ ನಾಲ್ಕು ವರ್ಷವಾಗಿತ್ತು. ಮಾತಾಜಿಯವರ ಹತ್ತಿರ ಫೋನ್ ಇರುವುದಿಲ್ಲ, ವಿಳಾಸ ಇರುವುದಿಲ್ಲ. ಸಂಘದ ಜೊತೆ ಬರಿಗಾಲಲ್ಲಿ ಊರಿಂದ ಊರಿಗೆ ನಡೆಯುತ್ತಾರೆ. ದಿನಕ್ಕೆ ಒಂದೇ ಸಲ, ಯಾರಾದರೂ ಶ್ರಾವಕರ ಮನೆಯಲ್ಲಿ, ಅಂಗೈಯಲ್ಲೇ ಆಹಾರ ತೆಗೆದುಕೊಳ್ಳುತ್ತಾರೆ. ನಾಲ್ಕು ವರ್ಷ ಸಂಘ ಉತ್ತರದ ಕಡೆಯೇ ಇತ್ತು. ಆ ಸಲ ಅಥಣಿ, ಕಾಗವಾಡ, ರಾಯಬಾಗದ ಮೇಲೆ ಹಾದು ನಮ್ಮ ನಿಪ್ಪಾಣಿ ಸೀಮೆಗೆ ಬಂತು. ಅವ್ವನಿಗೆ ಬೇರೇನೂ ಬೇಕಿರಲಿಲ್ಲ. ಸಂಘ ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋಗುವುದರೊಳಗೆ ಒಂದು ದಿನ ತನ್ನ ಕೈಯಾರೆ ಮಗಳಿಗೆ ಆಹಾರ ಕೊಡಬೇಕು, ಅಷ್ಟೇ.

ನಾನು ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಅವ್ವ ನಿಪ್ಪಾಣಿಯಲ್ಲಿ ನನ್ನ ತಮ್ಮನ ಮನೆಯಲ್ಲಿರುತ್ತಾಳೆ. ಸಂಘದ ವ್ಯವಸ್ಥೆ ನೋಡಿಕೊಳ್ಳುವ ಹಿರಿಯರೊಬ್ಬರಿದ್ದರು, ನಾವೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದೆವು. ಸಂಘ ಇವತ್ತು ಎಲ್ಲಿದೆ ಎಂದು ತಿಳಿಸಲು ಮೂರು ವಾಟ್ಸಾಪ್ ಗುಂಪುಗಳಿದ್ದವು, ಮೂರರಲ್ಲೂ ಮೂರು ಊರು ಬರುತ್ತಿದ್ದವು. ಬೇಸತ್ತ ಕಾಕಾ ನನಗೆ ಹೇಳಿ ಒಂದು ಬ್ಲಾಗ್ ಮಾಡಿಸಿದರು. ಬೆಳಿಗ್ಗೆ ಅವರು ನನಗೆ ಊರಿನ ಹೆಸರು ಹೇಳುವುದು, ನಾನು ಹಾಕುವುದು, ಜನ ಅಲ್ಲಿಗೆ ಹೋಗಿ ಚೌಕ ಹಾಕುವುದು. ಚೌಕ ಎಂದರೆ ಮಡಿಯಲ್ಲಿ ಆಹಾರ ಸಿದ್ಧಮಾಡುವ ಅಡುಗೆಮನೆ. ಅಡುಗೆಯಾದ ಮೇಲೆ ಮನೆಯವರು ಕಳಸ ಹಿಡಿದು ಬಾಗಿಲಲ್ಲಿ ನಿಂತು ಮಾತಾಜಿಯವರನ್ನು ಒಳಗೆ ಕರೆಯುತ್ತಾರೆ.

ಬ್ಲಾಗಿನ ಹಳೆಯ ಥೀಮು, ಅಂದರೆ ಅದರ ಹೊರ ವಿನ್ಯಾಸ, ಪಂಚಾಯಿತಿ ನೋಟಿಸಿನ ಹಾಗಿತ್ತು, ಆದರೆ ಕೆಲಸ ಮಾಡುತ್ತಿತ್ತು. ಕೆಲಸ ಮಾಡುವ ವಸ್ತುವನ್ನು ಸುಮ್ಮನೆ ಬಿಡುವುದು ನನ್ನ ಜಾಯಮಾನದಲ್ಲಿಲ್ಲ. ಅದಕ್ಕೆ ಸರಿಯಾಗಿ ಕಾಕಾ ಒಂದು ದಿನ, "ಬ್ಯಾರೆ ಸಂಘದವರ ಬ್ಲಾಗ್ ನೋಡೀರೇನ್ರಿ ಬಾಯಾರ? ಮ್ಯಾಲಿಂದ ಹೂ ಉದರತಾವ. ನಮ್ದರಾಗ ಏನೂ ಉದರೂದುಲ್ಲ" ಅಂದರು. ಅವಮಾನವಾಯಿತು. ಅವತ್ತೇ ಥೀಮು ಬದಲಾಯಿಸಿದೆ.

ಹೊಸ ಥೀಮಿನಲ್ಲಿ ಸಾಲುಗಳ ನಡುವಿನ ಜಾಗ ಇಂಗ್ಲಿಷಿನ ಅಳತೆಗಿತ್ತು, ನಮ್ಮ ಒತ್ತಕ್ಷರಗಳೆಲ್ಲ ಕಾಲು ಕಳೆದುಕೊಂಡವು. ಒಂದು ಸಾಲು ಕೋಡ್ ಬರೆದು ಕಾಲು ಜೋಡಿಸಿದೆ. ಕಂಪ್ಯೂಟರಿನಲ್ಲಿ ಬಲಗಡೆ ಚಂದ ಕೂತಿದ್ದ 'ಇಂದಿನ ವಾಸ್ತವ್ಯ' ಎಂಬ ಪೆಟ್ಟಿಗೆ ಫೋನಿನಲ್ಲಿ ತಳಕ್ಕೆ ಹೋಗಿ ಕೂತಿತು. ಅವ್ವ ಅದನ್ನು ಕಾಣಬೇಕಾದರೆ ಉಗಾರ ಖುರ್ದದ ಹಳೆಯ ಪ್ರವಚನಗಳನ್ನೆಲ್ಲ ಬೆರಳಿನಿಂದ ನೂಕಿ ದಾಟಬೇಕಿತ್ತು. ಅದನ್ನೆತ್ತಿ ನೆತ್ತಿಯ ಮೇಲೆ ಕೂರಿಸಿದೆ. ಹೂ ಉದುರಿಸುವ ಪ್ಲಗಿನ್ ಎಂಬ ಪುಟ್ಟ ತಂತ್ರಾಂಶ ಹಾಕಿದೆ, ಬಂದವರನ್ನು ಎಣಿಸುವ ಪ್ಲಗಿನ್ ಹಾಕಿದೆ, ಫೋಟೊಗಳು ತಾವೇ ಸರಿಯುವ ಪ್ಲಗಿನ್ ಹಾಕಿದೆ. ಇಷ್ಟೆಲ್ಲ ಹೇರಿದ ಮೇಲೆ ಬ್ಲಾಗು ಕಬ್ಬಿನ ಟ್ರ್ಯಾಕ್ಟರಿನ ವೇಗಕ್ಕೆ ಇಳಿಯಿತು. ಅದಕ್ಕೂ ಒಂದು ಪ್ಲಗಿನ್ ಇತ್ತು, ಕ್ಯಾಶ್ ಅಂತ. ಸಂಘ ಅಕ್ಕೋಳಕ್ಕೆ ಬಂದ ದಿನ ಮಧ್ಯಾಹ್ನ ಅದನ್ನೂ ಹಾಕಿದೆ. ಪುಟ ಕಣ್ಣು ಪಿಳುಕಿಸುವುದರೊಳಗೆ ತೆರೆಯತೊಡಗಿತು. ನನಗೆ ನಾನೇ ಭೇಷ್ ಅಂದುಕೊಂಡೆ.

ಇದೆಲ್ಲದರ ನಡುವೆ ಅವ್ವ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದಳು. "ಮಾತಾಜಿ ಎಲ್ಲಿ ಅದಾರ? ನಾಳೆ ಎಲ್ಲಿಗೆ ಹೋಗತಾರ? ಕಾಲಿಗೆ ಏನರ ಆಗೇತೇನ?" ನಾನೂ ಅವಳ ಮಗಳೇ, ನನ್ನ ಕಾಲಿನ ಬಗ್ಗೆ ಒಂದು ಸಲವೂ ಕೇಳಲಿಲ್ಲ. ಅವತ್ತು ಸಂಜೆ ಮತ್ತೆ ಫೋನ್ ಬಂದಾಗ ಸಿಟ್ಟು ನೆತ್ತಿಗೇರಿತು.

"ಅವ್ವಾ, ಇನ್ನ ಫೋನ್ ಮಾಡಬ್ಯಾಡ. ಬ್ಲಾಗ್ ತಗಿ, ಮ್ಯಾಲಿನ ಪೆಟಿಗ್ಯಾಗ ಊರಿನ ಹೆಸರ ಇರತೈತಿ, ಓದು, ಹೋಗು. ಯಾರನ್ನೂ ಕೇಳಬ್ಯಾಡ. ನನ್ನ ಜೀವಾ ತಿನ್ನಬ್ಯಾಡ."

"ಆತ ತಗೋಳವಾ" ಅಂದು ಇಟ್ಟಳು.

ಮರುದಿನ ನಸುಕಿನಲ್ಲಿ ಸಂಘ ಅಕ್ಕೋಳದಿಂದ ಭೋಜದ ಕಡೆ ನಡೆಯಿತು. ಕಾಕಾ ತಿಳಿಸಿದರು. ನಾನು ಪೆಟ್ಟಿಗೆಯಲ್ಲಿ ಅಕ್ಕೋಳ ಅಳಿಸಿ ಭೋಜ ಎಂದು ಹಾಕಿ, ನನ್ನ ಫೋನಿನಲ್ಲಿ ತೆರೆದು ನೋಡಿದೆ. ಭೋಜ ಎಂದೇ ಇತ್ತು. ಕ್ಲಾಸಿಗೆ ಹೋದೆ.

ಹನ್ನೊಂದೂಕಾಲಿಗೆ ಅವ್ವನ ಫೋನ್.

"ಬಾಗಲಾಗ ಕಳಸಾ ಹಿಡಕೊಂಡ ನಿಂತ ನಿಂತ ಮೊಣಕಾಲ ಬಿದ್ದುವ್ವಾ. ಯಾರೂ ಬರಲಿಲ್ಲ."

"ಎಲ್ಲಿದ್ದಿ?"

"ಅಕ್ಕೋಳದಾಗ."

"ಅಕ್ಕೋಳದಾಗ ಯಾಕದಿ? ಭೋಜ ಅಂತ ಹಾಕೇನಲ್ಲ! ಕನ್ನಡಕಾ ಹಾಕ್ಕೊಂಡ ಓದಬಾರದೇನ?"

"ನನ್ನ ಕನ್ನಡಕಾ ಸರಿ ಐತಿ. ನಿಪ್ಪಾಣಿಯಿಂದ ಇನ್ನ ಐದ ಮನಿಯವರ ಬಂದ ನಿಂತಾರ. ಅವರೆಲ್ಲಾರ ಕನ್ನಡಕಾನೂ ಕೆಟ್ಟಾವೇನ?"

ಊರಿನವರು ಹೇಳಲಿಲ್ಲವೇ ಎಂದು ಕೇಳಿದೆ. ಹೇಳಿದ್ದರಂತೆ. ಬಸದಿಯ ಪಕ್ಕದ ಮನೆಯವರು ಬೆಳಿಗ್ಗೆಯೇ "ಸಂಘ ಹೋತಲ್ಲರಿ" ಅಂದಿದ್ದರಂತೆ. ಅದಕ್ಕೆ ಅವ್ವ, "ಬಹಿರ್ದೆಸಿಗೆ ಹೋಗಿರಬೇಕ, ಬರತಾರ. ನನ್ನ ಮಗಳ ಬರದಾಳ, ತಪ್ಪ ಬರಿಯೂದುಲ್ಲ" ಅಂದಳಂತೆ. ಕಣ್ಣಾರೆ ಕಂಡವರ ಮಾತಿಗಿಂತ ನನ್ನ ಪೆಟ್ಟಿಗೆ ಅವಳಿಗೆ ಹೆಚ್ಚಾಗಿತ್ತು.

ಹೊತ್ತು ಮೀರಿತ್ತು. ಚೌಕದ ಅಡುಗೆಯನ್ನು ಗಂಟು ಕಟ್ಟಿಕೊಂಡು ಇನ್ನೊಂದು ಊರಿಗೆ ಒಯ್ಯುವ ಹಾಗೂ ಇಲ್ಲ. ಆದರೆ ನಾಳೆಯೂ ಹೀಗೇ ಆಗಬಾರದು. ನನ್ನ ಫೋನಿನಲ್ಲಿ ಎಲ್ಲ ಸರಿಯಿತ್ತು, ತಪ್ಪು ಕಾಣುತ್ತಿದ್ದದ್ದು ಅವ್ವನ ಫೋನಿನಲ್ಲಿ. ತಮ್ಮನ ಹೆಂಡತಿಯೂ ಅವ್ವನ ಜೊತೆ ಬಂದಿದ್ದಳು, ಅವಳ ಫೋನಿನಲ್ಲಿ ಬ್ಲಾಗು ತೆಗೆಸಿ ಅವ್ವನ ಕೈಗೆ ಕೊಡಿಸಿದೆ. ಅವ್ವ ಅಕ್ಕೋಳದ ಕಟ್ಟೆಯ ಮೇಲೆ ಕೂತಳು. ನಾನು ಚಿಕ್ಕೋಡಿಯಲ್ಲಿ ಪ್ಲಗಿನ್ನುಗಳನ್ನು ಒಂದೊಂದಾಗಿ ಕಿತ್ತುಹಾಕತೊಡಗಿದೆ.

"ಕೆಳಗ ಜಗ್ಗಿ ಬಿಡು. ಈಗ ಏನೈತಿ?"

"ಅಕ್ಕೋಳ."

ಎಣಿಸುವುದನ್ನು ತೆಗೆದೆ. "ಈಗ?"

"ಅಕ್ಕೋಳ."

ಫೋಟೊ ಸರಿಸುವುದನ್ನು ತೆಗೆದೆ. ಅಕ್ಕೋಳ. ಹೂವಿನದನ್ನು ತೆಗೆದೆ.

"ಈಗ?"

"ಹೂ ಹಂಗ ಉದರಾಕತ್ತಾವ. ಊರೂ ಅಕ್ಕೋಳನ ಐತಿ."

ಹೂ ಉದುರಿಸುವ ಪ್ಲಗಿನ್ನನ್ನು ನಾನು ತೆಗೆದು ಎರಡು ನಿಮಿಷವಾಗಿತ್ತು. ಆದರೂ ಅಕ್ಕೋಳದಲ್ಲಿ ಹೂ ಉದುರುತ್ತಿವೆ ಎಂದರೆ ಅವ್ವ ನೋಡುತ್ತಿರುವುದು ಇವತ್ತಿನ ಪುಟವೇ ಅಲ್ಲ. ಆಗ ಹೊಳೆಯಿತು. ಕ್ಯಾಶ್ ಮಾಡುವುದಿಷ್ಟೇ, ಪುಟವನ್ನು ಒಂದು ಸಲ ಸಿದ್ಧಮಾಡಿಟ್ಟುಕೊಂಡು ಬಂದವರಿಗೆಲ್ಲ ಅದನ್ನೇ ಕೊಡುತ್ತದೆ, ನಿನ್ನೆಯ ರೊಟ್ಟಿ ಬಡಿಸಿದ ಹಾಗೆ. ಹೊಸ ಬರಹ ಹಾಕಿದರೆ ಮಾತ್ರ ಹೊಸದಾಗಿ ಬೇಯಿಸುತ್ತದೆ. ನಾನು ಬರಹ ಹಾಕಿರಲಿಲ್ಲ, ಪೆಟ್ಟಿಗೆಯಲ್ಲಿ ಹೆಸರು ಬದಲಿಸಿದ್ದೆ. ಅದನ್ನು ಅದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಲಾಗಿನ್ ಆಗಿ ನೋಡುವ ನನಗೊಬ್ಬಳಿಗೇ ಬಿಸಿಬಿಸಿ, ಉಳಿದ ಲೋಕಕ್ಕೆಲ್ಲ ತಂಗಳು. ಕ್ಯಾಶ್ ಖಾಲಿ ಮಾಡಿ, ಬುಡಸಮೇತ ಕಿತ್ತೆಸೆದೆ.

"ಭೋಜ ಬಂತ ನೋಡವಾ" ಅಂದಳು ಅವ್ವ. ಖುಷಿಯಿಂದಲೇ ಅಂದಳು. ನನ್ನ ಕೆಲಸ ಕೈಗೂಡಿತಲ್ಲ ಎಂಬ ಖುಷಿ.

ಕಾಕಾಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಭೋಜದಲ್ಲಿ ಆ ದಿನ ಹೊರಗಿನವರು ಯಾರೂ ಬರಲಿಲ್ಲವಂತೆ, ನಾಲ್ಕೇ ಚೌಕ ಇದ್ದವಂತೆ. ಆಹಾರಕ್ಕೆ ಹೊರಡುವಾಗ ತ್ಯಾಗಿಗಳು ಮನಸ್ಸಿನಲ್ಲೇ ಒಂದು ನೇಮ ಹಿಡಿದಿರುತ್ತಾರೆ, ಇಂಥದ್ದು ಕಂಡರೆ ಮಾತ್ರ ಆ ಮನೆ ಎಂದು. ಅದು ಎಲ್ಲೂ ಕೂಡಿಬರದಿದ್ದರೆ ಅವತ್ತು ಉಪವಾಸ.

"ನಮ್ಮ ಮಾತಾಜಿಯವರದು?" ಎಂದು ಕೇಳಿದೆ.

"ಕೂಡಿ ಬರಲಿಲ್ಲರಿ. ಹಂಗ ತಿರುಗಿ ಬಸ್ತಿಗೆ ಹೋದ್ರು. ಅವರಿಗೆ ಅದೇನ ದೊಡ್ಡದಲ್ಲ ಬಿಡ್ರಿ" ಅಂದರು.

ಅವರಿಗೆ ದೊಡ್ಡದಲ್ಲ. ಶಾಲೆಯಿಂದ ಬಂದವಳೇ ಚೀಲ ಇಡುವ ಮೊದಲು ರೊಟ್ಟಿಬುಟ್ಟಿಗೆ ಕೈ ಹಾಕುತ್ತಿದ್ದ ತಂಗಿ ಅವಳು. ನಾನು ಹಾಕಿದ ಪ್ಲಗಿನ್ನಿನಿಂದ ನೀರೂ ಇಲ್ಲದೆ ಮರುದಿನದವರೆಗೆ ಕೂತಿದ್ದಳು. ಅವ್ವನಿಗೆ ಇದನ್ನು ಹೇಳುವುದು ಬೇಡ ಎಂದುಕೊಂಡೆ. ಆದರೆ ವಾಟ್ಸಾಪ್ ಗುಂಪುಗಳು ಇದೊಂದು ಸುದ್ದಿಯನ್ನು ಮೂರಕ್ಕೆ ಮೂರೂ ಸರಿಯಾಗಿ ಮುಟ್ಟಿಸಿದವು. ಅವ್ವ ಆ ದಿನ ತಾನೂ ಊಟ ಮಾಡಲಿಲ್ಲ.

ಸಂಘ ಇನ್ನೊಂದೇ ದಿನ ಭೋಜದಲ್ಲಿರುವುದಿತ್ತು, ಸಂಜೆಗೆ ಗಡಿ ದಾಟುವುದಿತ್ತು. ಬೆಳಿಗ್ಗೆ ನಾನು ರಜೆ ಹಾಕಿ, ನಿಪ್ಪಾಣಿಗೆ ಬಂದು, ಬ್ಲಾಗಿನ ಮುಖ ನೋಡದೆ ಅವ್ವನನ್ನು ಕರೆದುಕೊಂಡು ಭೋಜಕ್ಕೆ ಹೋದೆ. ಪರಿಚಯದವರ ಮನೆಯಲ್ಲಿ ಚೌಕ ಹಾಕಿದೆವು. ಬಾವಿಯ ನೀರು ಸೇದಿ ಸೋಸಿದೆವು, ಮಡಿಯುಟ್ಟು ಒಲೆ ಹಚ್ಚಿದೆವು. ಅವ್ವನ ವಿಷಯದಲ್ಲಿ ನನಗೆ ಇದ್ದ ಭಯ ಒಂದೇ. ಆಹಾರದ ಹೊತ್ತಿನಲ್ಲಿ ಯಾರಾದರೂ ಅತ್ತದ್ದು ಕಿವಿಗೆ ಬಿದ್ದರೆ ಅದು ಅಂತರಾಯ. ಅಲ್ಲಿಗೇ ಆಹಾರ ನಿಂತುಹೋಗುತ್ತದೆ. ನಮ್ಮವ್ವ ಧಾರಾವಾಹಿಯಲ್ಲಿ ಯಾರದೋ ಸೊಸೆ ತವರಿಗೆ ಹೊರಟರೂ ಅಳುವ ಪೈಕಿ.

"ಅವ್ವಾ, ಇವತ್ತ ಅತ್ತಿ ಅಂದ್ರ ಆಕಿ ಎರಡನೇ ದಿನಾನೂ ಉಪಾಸ" ಅಂದೆ. ಮೆತ್ತಗೆ ಹೇಳಬಹುದಿತ್ತು, ನನ್ನ ನಾಲಿಗೆಗೆ ಅದು ಬರುವುದಿಲ್ಲ.

"ನನಗ ಗೊತ್ತೈತಿ" ಅಂದಳು.

ಬಾಗಿಲಲ್ಲಿ ಅವ್ವ ಕಳಸ ಹಿಡಿದು ನಿಂತಳು, ನಾನು ಪಕ್ಕದಲ್ಲಿ. ಮಾತಾಜಿಯವರು ಬೀದಿಯ ತುದಿಯಲ್ಲಿ ಕಂಡರು. ಎರಡು ಮನೆ ದಾಟಿದರು. ನಮ್ಮ ಮುಂದೆ ಬಂದರು. "ಮಾತಾಜಿ ವಂದಾಮಿ, ವಂದಾಮಿ, ನಿಲ್ಲಬೇಕು" ಎಂದು ಅವ್ವ ಅಂದಳು. ಅವರು ನಿಂತರು. ಏನು ನೇಮವಿತ್ತೋ, ನಮ್ಮಲ್ಲಿ ಏನು ಕಂಡರೋ ಗೊತ್ತಿಲ್ಲ. ನಮ್ಮ ಮುಖ ನೋಡಲಿಲ್ಲ. ನಾನು ಅವರ ಪಾದ ನೋಡಿದೆ, ಹಿಮ್ಮಡಿ ಪೂರ್ತಿ ಒಡೆದಿತ್ತು.

ಒಳಗೆ ಅವರು ಕೂತು ಎರಡೂ ಅಂಗೈ ಜೋಡಿಸಿ ಮುಂದೆ ಹಿಡಿದರು. ಅವ್ವ ಮೊದಲು ನೀರು ಹಾಕಿದಳು. ಆಮೇಲೆ ಒಂದು ತುತ್ತು ಅನ್ನ ಕಲಸಿ ಅಂಗೈಗಿಟ್ಟಳು. ಮಾತಾಜಿ ಬಾಯಿಗಿಟ್ಟುಕೊಂಡರು. ಆಗ ಅವ್ವನ ಗಲ್ಲ ನಡುಗುವುದು ನನಗೆ ಕಾಣಿಸಿತು. ಎರಡನೇ ತುತ್ತಿಗೆ ಕೈ ಹಾಕಿದವಳು ಹಾಗೇ ನಿಲ್ಲಿಸಿದಳು. ತಟ್ಟೆಯನ್ನು ನನ್ನ ಕೈಗಿಟ್ಟು, ಸದ್ದಿಲ್ಲದೆ ಹಿಂದೆ ಹಿಂದೆ ಸರಿದು, ಹಿತ್ತಲ ಬಾಗಿಲು ದಾಟಿ ಹೊರಗೆ ಹೋಗಿಬಿಟ್ಟಳು.

ಉಳಿದದ್ದನ್ನೆಲ್ಲ ನಾನು ಕೊಟ್ಟೆ. ಅನ್ನ, ತೊವ್ವೆ, ಹಾಲು, ಕೊನೆಗೆ ನೀರು. ಆಹಾರ ನಿರ್ವಿಘ್ನವಾಗಿ ಮುಗಿಯಿತು. ಮಾತಾಜಿ ಎದ್ದು, ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿ, ಬಸದಿಯ ಕಡೆ ನಡೆದರು.

ಹಿತ್ತಲಿಗೆ ಹೋದೆ. ಅವ್ವ ಬಾವಿಕಟ್ಟೆಯ ಮೇಲೆ ಕೂತಿದ್ದಳು. ಸೆರಗಿನ ಮುದ್ದೆ ಬಾಯಲ್ಲಿತ್ತು. ಅದನ್ನು ತೆಗೆದು ಕೇಳಿದಳು:

"ಹೊಟ್ಟಿ ತುಂಬ ತಗೊಂಡ್ರೇನ?"

"ತಗೊಂಡ್ರವಾ."

"ನೀರ ಕುಡದ್ರೇನ?"

"ಕುಡದ್ರು."

"ಬಸ್ತಿ ಮುಟ್ಟಿರಬೇಕ ಈಗ? ಇಲ್ಲಿಂದ ದನಿ ಕೇಳೂದುಲ್ಲ ಹೌದಲ್ಲ?"

"ಮುಟ್ಟಿರತಾರ. ಕೇಳೂದುಲ್ಲ."

"ಹಂಗಾರ ತಡಿ, ಈಗ ಅಳತೇನಿ" ಅಂದಳು, ಅಂದು ಅತ್ತಳು.