ಹುಳದ ಮನೆಯಲ್ಲಿ ಉಳಿದ ಪ್ರಶ್ನೆ

ಊರಿಗೊಂದು ಟಚ್ ಫೋನು ಬಂದರೆ ಅಕ್ಕಪಕ್ಕದವರೆಲ್ಲ ನೋಡಲು ಬರುತ್ತಿದ್ದ ಕಾಲ ಅದು. ಮರಳವಾಡಿ ಕಡೆಯ ನಮ್ಮೂರಿನಲ್ಲಿ ರಜೆ ಬಂತೆಂದರೆ ನನಗೆ ಎರಡೇ ಕೆಲಸ: ಜಗಲಿಯ ಮೇಲೆ ಅಣ್ಣೆಕಲ್ಲು ಆಡುವುದು, ರೇಷ್ಮೆ ತೋಟಕ್ಕೆ ನುಗ್ಗಿ ಹಿಪ್ಪುನೇರಳೆ ಹಣ್ಣು ತಿಂದು ನಾಲಿಗೆ ಕಪ್ಪು ಮಾಡಿಕೊಳ್ಳುವುದು. ಆ ಬೇಸಿಗೆಯಲ್ಲಿ ನನ್ನ ಜೊತೆಗಾತಿ ತುಲಿ.

ತುಲಿಯ ಅಮ್ಮ ಶೆಫಾಲಿ ಬಂಗಾಳದಿಂದ ಕೂಲಿಗೆ ಬಂದವಳು. ಗಂಡ ಬಿಡದಿಯಲ್ಲಿ ಗಾರೆ ಕೆಲಸಕ್ಕಿದ್ದ. ಇವಳು ಮಗಳೊಂದಿಗೆ ನಮ್ಮ ತೋಟದ ಶೆಡ್ಡಿನಲ್ಲಿದ್ದು ಸೊಪ್ಪು ಕೊಯ್ಯುತ್ತಿದ್ದಳು. ಅವಳ ಒಲೆಯಿಂದ ಸಾಸಿವೆ ಎಣ್ಣೆಯ ಘಾಟು ಬಂದರೆ ನಾನು ಓಡಿಹೋಗಿ ಕೂರುತ್ತಿದ್ದೆ. ತುಲಿ ನಮ್ಮನೆಯಲ್ಲಿ ಉಪ್ಸಾರು ಮುದ್ದೆ ತಿನ್ನುತ್ತಿದ್ದಳು.

"ಮುದ್ದೆ ನುಂಗೋದು ಕಣವ್ವಾ, ಹಿಂಗ್ ಅಗೀತಾ ಕುಂತ್ರೆ ಬೆಳಗಾಯ್ತದೆ!" ಎಂದು ಅಜ್ಜಿ ಬೈಯುತ್ತಿತ್ತು.

ಸೊಪ್ಪು ಕೊಯ್ಯುವಾಗ ಶೆಫಾಲಿ ತನ್ನ ಅಜ್ಜ ಕಟ್ಟಿದ ಪದ್ಯ ಹೇಳುತ್ತಿದ್ದಳು. ಒಬ್ಬರು ಒಂದು ಸಾಲು ಕೇಳಬೇಕು, ಆಚೆ ಗಿಡಗಳ ಸಾಲಿನಲ್ಲಿದ್ದವರು ಉತ್ತರ ಕೊಡಬೇಕು.

"ನೋದಿರ್ ಜೋಲ್ ಕಾರ್ ಗೋ?"

"ಜಾರ್ ತೇಷ್ಟಾ, ತಾರ್ ಗೋ!" ತುಲಿ ಗಿಡಗಳ ನಡುವಿನಿಂದ ಕೂಗುತ್ತಿದ್ದಳು.

"ಅಂಗಂದ್ರೆ ಏನವ್ವ?" ಅಜ್ಜಿ ಒಮ್ಮೆ ಕೇಳಿತು.

"ನದಿ ನೀರು ಯಾರ್ದು? ಬಾಯಾರಿದವ್ರ್ದು," ಎಂದಳು ಶೆಫಾಲಿ, ತನ್ನ ಹರಕುಮುರುಕು ಕನ್ನಡದಲ್ಲಿ.

"ಸರ್ಯಾಗ್ ಹೇಳವ್ನೆ ನಿಮ್ಮಜ್ಜ," ಎಂದಿತು ಅಜ್ಜಿ. ಅಷ್ಟು ಸಲೀಸಾಗಿ ಅಜ್ಜಿ ಯಾರನ್ನೂ ಮೆಚ್ಚಿದ್ದು ನಾನು ಕಂಡಿಲ್ಲ.

ಆ ಹೊತ್ತಿಗೆ ನಮ್ಮ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಮೇವು ಬಿಟ್ಟು, ತಲೆ ಎತ್ತಿ, ಪೊರೆ ಕಳಚುವವರೆಗೆ ಹುಳ ಅಲುಗಾಡದೆ ಇರುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಎದ್ದ ಮೇಲೆ ಅವು ಸೊಪ್ಪು ತಿನ್ನುವ ಸದ್ದು ಮಳೆಯಂತೆ ಕೇಳುತ್ತದೆ. ಆಗ ಹೊರಗಿನವರು ಯಾರೇ ಆಗಲಿ ಹುಳದ ಮನೆಗೆ ಕಾಲಿಡುವಂತಿಲ್ಲ. ರೋಗ ತಗುಲಿದರೆ ಬೆಳೆಯೇ ಹೋಯಿತು. ನೆಂಟರನ್ನೂ ಅಜ್ಜಿ ಬಾಗಿಲಲ್ಲೇ ನಿಲ್ಲಿಸುತ್ತಿತ್ತು.

ಒಂದು ಸಂಜೆ ಚಿಕ್ಕಪ್ಪನ ಫೋನಿಗೆ ಒಂದು ವಿಡಿಯೋ ಬಂತು. ಹೊರಗಿನಿಂದ ಬಂದ ಹೆಂಗಸರು ಮಕ್ಕಳನ್ನು ಕದಿಯುತ್ತಾರಂತೆ. ದೀಪ ಹಚ್ಚುವ ಹೊತ್ತಿಗೆ ಬೀದಿಯಲ್ಲಿ ದೊಣ್ಣೆ ಹಿಡಿದ ಗಂಡಸರ ಗುಂಪು. ಅಜ್ಜಿ ಶೆಫಾಲಿಯನ್ನೂ ತುಲಿಯನ್ನೂ, ತುಲಿಯ ಕೈ ಹಿಡಿದಿದ್ದ ನನ್ನನ್ನೂ ಹುಳದ ಮನೆಯೊಳಕ್ಕೆ ದಬ್ಬಿ ಬಾಗಿಲಿಗೆ ಅಡ್ಡ ಕೂತಿತು. ಅಯ್ಯೋ, ಯಾರನ್ನೂ ಬಿಡದ ಅಜ್ಜಿ!

"ಎಲ್ಲವ್ವ ಅವ್ಳು?" ಚಿಕ್ಕಪ್ಪನ ದನಿ. "ಫೋನಲ್ಲಿ ಬಂದೈತೆ ಕಣವ್ವ."

"ನಿನ್ ಕಣ್ಗೆ ಏನ್ಲಾ ಬಂದೈತೆ? ದಿನಾ ನೋಡ್ತಿರ್ನಿಲ್ವಾ ಅವ್ಳ?"

"ಬಾಗ್ಲು ತೆಗಿ."

"ಹುಳ ಜ್ವರ ಎದ್ದವೆ. ಕಾಲಿಡ್ರಿ ನೋಡಾನ. ಬೆಳೆ ಹೋದ್ರೆ ನಿಮ್ಮನೆ ಬಾಗ್ಲಿಗೇ ಬತ್ತೀನಿ."

ಒಳಗೆ ಕತ್ತಲು, ಸೊಪ್ಪಿನ ಹಸಿ ವಾಸನೆ, ಸುತ್ತ ಹುಳ ತಿನ್ನುವ ಸದ್ದು. ಶೆಫಾಲಿ ಮಗಳ ಕಿವಿಗೆ ತುಟಿಯಿಟ್ಟು ಪಿಸುಗುಟ್ಟಿದಳು: "ನೋದಿರ್ ಜೋಲ್ ಕಾರ್ ಗೋ?" ತುಲಿ ಬಾಯಿ ಬಿಡಲಿಲ್ಲ. ಅಮ್ಮ ಮತ್ತೆ ಕೇಳಿದಳು, ಮತ್ತೆ.

ಹೊರಗಿದ್ದವರೆಲ್ಲ ರೇಷ್ಮೆ ಬೆಳೆಯುವವರೇ. ಒಬ್ಬನೂ ಹೊಸಿಲು ದಾಟಲಿಲ್ಲ, ಗೊಣಗುತ್ತಾ ಹೋದರು. ಒಬ್ಬ ಹೆಂಗಸಿನ ಮೇಲೆ ಇರದ ಕರುಣೆ ಹುಳದ ಮೇಲಿತ್ತು.

ಬೆಳಿಗ್ಗೆ ಅಪ್ಪ ಅವರನ್ನು ಗೂಡ್ಸ್ ಆಟೋದಲ್ಲಿ ಬಿಡದಿಗೆ ಕರೆದೊಯ್ದ. ಆಟೋ ಹೊರಟಾಗ ನಾನೇ ಹಿಂದೆ ಓಡುತ್ತಾ ಪದ್ಯದ ಮೊದಲ ಸಾಲು ಕೂಗಿದೆ. ತುಲಿ ನನ್ನನ್ನೇ ನೋಡುತ್ತಾ ಕೂತಿದ್ದಳು. ಅವರು ಮತ್ತೆ ಸಿಗಲಿಲ್ಲ.

ಅಜ್ಜಿ ತೀರಿಕೊಂಡಿತು. ಆ ಸಂಜೆಯ ಮಾತೆತ್ತಿದರೆ ಚಿಕ್ಕಪ್ಪ ಎದ್ದು ಹೊರಗೆ ಹೋಗುತ್ತಾನೆ. ಅಂಥ ವಿಡಿಯೋಗಳು ಈಗ ಎಲ್ಲರ ಜೇಬಿಗೂ ಬರುತ್ತವೆ. ಈಗ ಊರಿನ ಅಂಗನವಾಡಿ ಟೀಚರಾದ ನಾನು ಆ ಪದ್ಯವನ್ನು ಮಕ್ಕಳಿಗೆ ಕಲಿಸಿದ್ದೇನೆ. ನಾನು ಕೇಳಿದರೆ ಸಾಕು, ಅರ್ಥ ತಿಳಿದೇ ಸೂರು ಹಾರುವಂತೆ ಉತ್ತರ ಕೂಗುತ್ತವೆ. ಫೋನಿಗಿಂತ ಮುಂಚೆ ಮಕ್ಕಳ ಕಿವಿಗೆ ಇದು ಬಿದ್ದಿರಲಿ ಎಂದು ನನ್ನ ಆಸೆ.

ಆದರೆ ಮನೆಯಲ್ಲಿ ಹುಳ ಜ್ವರಕ್ಕೆ ಕೂತಾಗ ಸದ್ದೆಲ್ಲ ನಿಂತುಹೋಗುತ್ತದೆ. ಆಗ ನಾನು ಒಳಗೆ ಹೋಗಿ ಮೆಲ್ಲಗೆ ಕೇಳುತ್ತೇನೆ, ನದಿ ನೀರು ಯಾರದು ಎಂದು. ಉತ್ತರ ನನಗೆ ಗೊತ್ತು. ಆದರೂ ಹೇಳುವುದಿಲ್ಲ; ಅದು ತುಲಿ ಹೇಳಬೇಕಾದ ಸಾಲು.