ಹನ್ನೊಂದು ವರ್ಷದ ಗೆರೆಗಳು

ನನ್ನ ಗಂಡ ಸಂಗಮೇಶ್‌ಗೆ ಮಾತು ಕಮ್ಮಿ, ಗೆರೆ ಜಾಸ್ತಿ. ತರಕಾರಿ ಚೀಟಿಯ ಹಿಂದೆಯೂ ಯಾವುದೋ ಗೇರು, ಯಾವುದೋ ಬೋಲ್ಟು ಬರೆದಿರುತ್ತಾರೆ. ಚೇಳೂರಿನವರು. ಮಾವನವರಿಗೆ ಲಕ್ವ ಹೊಡೆದಾಗ ಡಿಪ್ಲೊಮಾ ಎರಡನೇ ವರ್ಷಕ್ಕೇ ನಿಂತಿತು. ಕುಣಿಗಲ್‌ನ ಒಂದು ಶೆಡ್ಡಿನಲ್ಲಿ ಮೂಡಲಗಿರಿಯಪ್ಪ ಎಂಬ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತು, ಈಗ ಸತ್ಯಮಂಗಲದ ಒಂದು ಕಾರ್ಖಾನೆಯಲ್ಲಿ ಲೇತ್ ಆಪರೇಟರ್. ಲೇತಿನಲ್ಲಿ ಕಬ್ಬಿಣ ಕಡೆಯುವಾಗ ಬಿಸಿಯಾಗದ ಹಾಗೆ ಸುರಿಯುವ ಕೂಲಂಟ್ ನೀರು ಅವರ ಮೈಗೆ ಆಗುವುದಿಲ್ಲ. ಅಂಗೈ ಬಿರಿದು ರಕ್ತ ಜಿನುಗುತ್ತದೆ. ಅಪ್ಪ ಮುಟ್ಟಿದರೆ ಮೂರು ವರ್ಷದ ಮಗಳು "ಚುಚ್ಚುತ್ತೆ" ಅನ್ನುತ್ತಾಳೆ. ಡಾಕ್ಟರು ಎಷ್ಟು ಸಲ ಹೋದರೂ ಹೇಳುವುದು ಒಂದೇ, ಕೆಲಸ ಬದಲಾಯಿಸಿ.

ಬದಲಾಯಿಸಲು ಅವರ ಬಳಿ ಸರ್ಟಿಫಿಕೇಟ್ ಇರಲಿಲ್ಲ, ಡ್ರಾಯಿಂಗ್‌ಗಳಿದ್ದವು. ಹನ್ನೊಂದು ವರ್ಷ, ಡ್ಯೂಟಿ ಮುಗಿಸಿ ಬಂದು, ಮನೆಯ ಹಳೇ ಕಂಪ್ಯೂಟರಿನಲ್ಲಿ ಗುಬ್ಬಿ, ಕುಣಿಗಲ್ ಕಡೆಯ ವರ್ಕ್‌ಶಾಪುಗಳಿಗೆ ಬರೆದುಕೊಟ್ಟವು. ತೆಂಗಿನಕಾಯಿ ಸುಲಿಯುವ ಯಂತ್ರದ ಬ್ಲೇಡು, ಅಡಿಕೆ ಮೆಷಿನ್ನಿನ ರೋಲರು, ಇನ್ನೂ ಏನೇನೋ. ಪಕ್ಕದ ಕಾರ್ಖಾನೆಯ ಮ್ಯಾನೇಜರ್ ಚನ್ನಬಸವಯ್ಯನವರು ಇವರನ್ನು ಕರೆದು ಹೇಳಿದ್ದರು, "ಡಿಸೈನ್ ಸೆಕ್ಷನ್ನಿಗೆ ಒಬ್ರು ಬೇಕು ಕಣಯ್ಯ. ಶುಕ್ರವಾರ ಬೆಂಗಳೂರಿಂದ ಇಂಜಿನಿಯರ್ ಬರ್ತಾರೆ. ನೀನು ಮಾಡಿರೋದನ್ನೆಲ್ಲ ತಂದು ತೋರಿಸು, ಸಾಕು."

ಅದು ಆಯುಧ ಪೂಜೆಯ ವಾರ. ಸೋಮವಾರ ಇಡೀ ಮನೆ ತೊಳೆದೆ. ಫ್ಯಾನಿನ ರೆಕ್ಕೆ, ಮಿಕ್ಸಿಯ ತಳ, ಸ್ಕೂಟರಿನ ಚಕ್ರದ ಸಂದಿಗಳನ್ನೂ ಬಿಡಲಿಲ್ಲ. ಕಂಪ್ಯೂಟರಿನ ಧೂಳು ಒರೆಸಿದ ಮೇಲೆ ಅನ್ನಿಸಿತು, ಒಳಗೂ ಒಮ್ಮೆ ಚೊಕ್ಕಟ ಆಗಿಬಿಡಲಿ, ಆನ್ ಆಗುವುದಕ್ಕೇ ಹತ್ತು ನಿಮಿಷ ತಗೊಳ್ಳುತ್ತೆ, ಶುಕ್ರವಾರ ಕೈಕೊಟ್ಟರೆ? ಡ್ರಾಯಿಂಗ್‌ಗಳ ಇನ್ನೊಂದು ಕಾಪಿ ಕೆಂಪು ಪೆನ್‌ಡ್ರೈವಿನಲ್ಲಿದೆ ಎಂದು ಇವರೇ ಹೇಳಿದ್ದರಲ್ಲ. ರೀಸೆಟ್ ಒತ್ತಿದೆ. ಅದು ಕೇಳಿತು, ಬೇಗ ಮುಗಿಸಲಾ, ಇಲ್ಲ ತಡವಾದರೂ ಡ್ರೈವನ್ನು ಪೂರ್ತಿ ಅಳಿಸಲಾ? ಅರ್ಧಂಬರ್ಧ ಕೆಲಸ ನನಗೆ ಆಗಿಬರುವುದಿಲ್ಲ. ಪೂರ್ತಿ ಎಂದೆ. ನಾಲ್ಕು ಗಂಟೆ ಓಡಿತು.

ಕೆಂಪು ಪೆನ್‌ಡ್ರೈವ್ ಟಿವಿಗೆ ಸಿಕ್ಕಿಸಿಯೇ ಇತ್ತು. ಮಗಳಿಗೆ ಊಟ ಮಾಡಿಸುವಾಗ ಹಾಕಲು ಜೂನಿನಲ್ಲಿ ನಾನೇ, ಒಳಗೇನಿದೆ ಎಂದು ನೋಡದೆ, ಅದನ್ನು ಖಾಲಿ ಮಾಡಿ ಶಿಶುಗೀತೆ ತುಂಬಿದ್ದೆ. ಅದು ನೆನಪಾದದ್ದು ಆ ನಾಲ್ಕು ಗಂಟೆ ಮುಗಿದ ಮೇಲೆ.

ಸಂಜೆ ಇವರಿಗೆ ಹೇಳಿದೆ. ಬೈಯಲಿಲ್ಲ. "ಊಟ ಮಾಡಿದ್ಯಾ?" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಮಂಗಳವಾರ ಬಿ.ಎಚ್. ರಸ್ತೆಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಜುಲ್ಫಿಕರ್ ಬಳಿ ಕಂಪ್ಯೂಟರ್ ಹೊತ್ತುಕೊಂಡು ಹೋದೆವು. ಮಧ್ಯಾಹ್ನದವರೆಗೂ ಏನೇನೋ ಓಡಿಸಿ ನೋಡಿ ಕನ್ನಡಕ ತೆಗೆದ.

"ಅಕ್ಕಾ, ಬರೀ ಡಿಲೀಟ್ ಆಗಿದ್ರೆ ತೆಗೆದುಕೊಡ್ತಿದ್ದೆ. ಬೇಗ ಮುಗಿಯೋ ರೀಸೆಟ್ ಆಗಿದ್ರೂ ನಾಕಾರು ಸಿಗೋವು. ಇದು ಗೋಡೆಗೆ ಸುಣ್ಣ ಬಳಿದಿರೋದಲ್ಲ, ಗೋಡೇನೇ ಕೆಡವಿ ಹೊಸದು ಕಟ್ಟಿರೋದು. ಇಷ್ಟು ಚೊಕ್ಕಟವಾಗಿ ನಾನೂ ಅಳಿಸಲ್ಲ."

"ಬೆಂಗಳೂರಿಗೆ ಕಳಿಸಿದ್ರೆ?"

"ಕಳಿಸಿ. ಅವರೂ ಇದನ್ನೇ ಹೇಳ್ತಾರೆ, ಇಂಗ್ಲಿಷಲ್ಲಿ."

ಅಲ್ಲಿಂದಲೇ ಇವರು ಗುಬ್ಬಿಗೆ ಹೋದರು. ಅಲ್ಲಿನ ವರ್ಕ್‌ಶಾಪಿಗೆ ಕೊಟ್ಟಿದ್ದ ಪ್ರಿಂಟು ಗ್ರೀಸು ಮೆತ್ತಿ ಹರಿದು ಎಂದೋ ಕಸಕ್ಕೆ ಹೋಗಿತ್ತು. "ಮೆಷಿನ್ ಓಡ್ತಾ ಐತಲ್ಲ ಸಂಗಮೇಶಪ್ಪ, ಪೇಪರ್ ಯಾಕೆ?" ಎಂದರಂತೆ ಅಲ್ಲಿಯವರು. ಕುಣಿಗಲ್ ಶೆಡ್ಡಿನ ಜಾಗದಲ್ಲಿ ಈಗ ಟೈಲ್ಸ್ ಅಂಗಡಿ. ಮೂಡಲಗಿರಿಯಪ್ಪನವರು ತೀರಿಕೊಂಡು ಎರಡು ವರ್ಷವಾಯಿತು.

ಬುಧವಾರ ಪೂಜೆ. ಸ್ಕೂಟರಿಗೆ, ಅಳತೆಯ ವರ್ನಿಯರ್‌ಗೆ, ಮಿಕ್ಸಿಗೆ ವಿಭೂತಿ ಹಚ್ಚುತ್ತಾ ಬಂದವರು ಕಂಪ್ಯೂಟರಿನ ಮುಂದೆ ನಿಂತರು.

"ಅದಕ್ಕೆ ಬೇಡ ರೀ."

"ಅದೇನು ತಪ್ಪು ಮಾಡಿದೆ, ಅನು?" ಎಂದು ಮೂರು ಬೆರಳಿನಲ್ಲಿ ಎಳೆದೇಬಿಟ್ಟರು. ನನಗೆ ಅಂದದ್ದಾ, ಸುಮ್ಮನೆ ಅಂದದ್ದಾ? ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ.

ಗುರುವಾರವಿಡೀ ಪೆನ್ಸಿಲ್ ಹಿಡಿದು ನೆನಪಿನಿಂದ ಆರು ಹಾಳೆ ಬರೆದರು. ಅಂಚಿನಲ್ಲೆಲ್ಲ ಬಿರಿದ ಬೆರಳಿನ ಕಂದು ಗುರುತು. ಶುಕ್ರವಾರ ಇಸ್ತ್ರಿ ಅಂಗಿ ಹಾಕಿಕೊಂಡು ಹೋದರು. ನಾನು ಗೇಟಿನವರೆಗೆ ಹತ್ತು ಸಲ ಹೋಗಿ ಬಂದೆ.

ಹನ್ನೊಂದೂವರೆಗೇ ಬಂದುಬಿಟ್ಟರು.

"ಏನಂದ್ರು?"

"ಆರು ಹಾಳೆ ಯಾರು ಬೇಕಾದ್ರೂ ಬರೀತಾರೆ, ಹನ್ನೊಂದು ವರ್ಷದ ಫೈಲ್ ಎಲ್ಲಿ ಅಂದ್ರು ಇಂಜಿನಿಯರ್ರು. ಚನ್ನಬಸವಯ್ಯನೋರು ನೆಲ ನೋಡ್ತಾ ಕೂತಿದ್ರು."

"ಇನ್ನೊಂದು ಸಲ ಕೇಳಿದ್ರೆ? ನಾನು ಬಂದು ಹೇಳ್ಲಾ, ತಪ್ಪು ನಂದು ಅಂತ?"

"ಬೇಡ ಬಿಡು. ಎರಡು ಗಂಟೆಗೆ ಶಿಫ್ಟ್ ಇದೆ."

ಅಂಗಿ ಬಿಚ್ಚಿ ಹ್ಯಾಂಗರಿಗೆ ಹಾಕಿ, ಎಣ್ಣೆ ಕಲೆಯ ಯೂನಿಫಾರ್ಮ್ ತೊಟ್ಟರು. ಮಗಳು ಓಡಿಬಂದು ಎತ್ತಿಕೋ ಎಂದು ಕೈ ಚಾಚಿದಳು. ಇವರು ಬಗ್ಗಿ, ಅಂಗೈ ಎರಡನ್ನೂ ಹೊರಕ್ಕೆ ತಿರುಗಿಸಿ, ಬರೀ ಮುಂದೋಳಿನಲ್ಲಿ ಅವಳನ್ನು ಎತ್ತಿಕೊಂಡರು. ಅದು ಅವರಿಗೆ ಅಭ್ಯಾಸವಾಗಿದೆ.